ಡ್ರಮ್ಮರ್‌ನ ದೊಡ್ಡತನ ‘ಸೋಲೋ’ ವಾದನದಲ್ಲಿಲ್ಲ

ಭಾವ: ಈ ಡ್ರಮ್ ಸೋಲೋ ವಿಡಿಯೊ ಕೊನೆಯವರೆಗೂ ನೋಡಿ, ಒಬ್ಬನೇ ನುಡಿಸಿದ್ದು. ಎರಡು ಬಾಸ್ ಡ್ರಮ್, ಸುತ್ತಲೂ ಸಿಂಬಲ್, ಕೈ ಕಣ್ಣಿಗೇ ಸಿಗುವುದಿಲ್ಲ. ರಾಕ್ ಡ್ರಮ್ಮರ್ ಎಂದರೆ ಇವನು!

ಅಕ್ಕ: ಸಾಧನೆ ದೊಡ್ಡದೇ. ಆದರೆ ಇಡೀ ಸೋಲೋ ಕೇಳಿದ ಮೇಲೂ ಒಂದು ಬೀಟ್ ಮನಸ್ಸಿನಲ್ಲಿ ನಿಲ್ಲಲಿಲ್ಲ.

ನಾನು: ಭಾವ, ಆ ಅಭ್ಯಾಸಕ್ಕೆ ನನ್ನ ನಮಸ್ಕಾರ. ಆದರೆ ಬ್ಯಾಂಡಿನಲ್ಲಿ ಕೂತವನನ್ನು ಅಳೆಯಬೇಕಾದದ್ದು ಬೇರೆಯವರು ಹಾಡುವಾಗ, ನುಡಿಸುವಾಗ. ರಿಂಗೊ ಸ್ಟಾರ್ 1962ರಲ್ಲಿ ಬೀಟಲ್ಸ್ ಸೇರಿದರು. ಆ ಬ್ಯಾಂಡಿನ ಆಲ್ಬಮ್‌ಗಳಲ್ಲಿ ಅವರ ಸೋಲೋ ಇರುವುದು ಒಂದೇ, 1969ರ ‘ಅಬ್ಬೆ ರೋಡ್’ನಲ್ಲಿ, ಅದೂ ಕೆಲವೇ ಸೆಕೆಂಡು.

ಭಾವ: ರಿಂಗೊ ಅವರದು ಅದೃಷ್ಟ. ಹಾಡು ಕಟ್ಟಿದವರು ಉಳಿದ ಮೂವರು.

ನಾನು: ಅದೃಷ್ಟ ಅಷ್ಟು ವರ್ಷ ಲಯ ಹಿಡಿಯುವುದಿಲ್ಲ! ಅವರು ಎಡಗೈಯವರು, ಬಲಗೈಯವರಿಗೆ ಜೋಡಿಸಿದ ಡ್ರಮ್ ಸೆಟ್ ನುಡಿಸುತ್ತಾರೆ. ಹಾಗಾಗಿಯೇ ಅವರ ಫಿಲ್‌ಗಳು, ಅಂದರೆ ಸಾಲುಗಳ ನಡುವೆ ತುಂಬುವ ಚಿಕ್ಕ ನುಡಿತಗಳು, ಬೇರೆ ಯಾರ ಕೈಯಲ್ಲೂ ಹಾಗೆ ಬರುವುದಿಲ್ಲ.

ಚಿಕ್ಕಪ್ಪ: ಲೆಡ್ ಝೆಪ್ಪೆಲಿನ್ ಬ್ಯಾಂಡಿನ ಡ್ರಮ್ಮರ್ ಬಾನ್‌ಹ್ಯಾಮ್ ವಿಷಯ ಏನು ಹೇಳುತ್ತೀಯ? ಆತ ಮೆಲ್ಲಗೆ ನುಡಿಸಿದವರಲ್ಲ, ಸೋಲೋ ಬಿಟ್ಟವರೂ ಅಲ್ಲ. ಅಳಿಯಂದಿರ ಮಾತಿನಲ್ಲಿ ಹುರುಳಿದೆ.

ನಾನು: ಚಿಕ್ಕಪ್ಪ, ಅವರು ನುಡಿಸಿದ 1971ರ ಹಾಡು ‘ವೆನ್ ದ ಲೆವೀ ಬ್ರೇಕ್ಸ್’ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮಹಡಿಯ ಮೆಟ್ಟಿಲ ಕಡೆಯಿಂದ ಮೈಕ್ ಇಳಿಬಿಟ್ಟು ಮುದ್ರಿಸಿದ್ದು. ಏಳು ನಿಮಿಷ ಅದೇ ಭಾರದ ನಡೆ, ಎಲ್ಲೂ ಧಾವಂತವಿಲ್ಲ. ಪೆಟ್ಟಿನ ದನಿ ಹಜಾರವನ್ನೆಲ್ಲ ತುಂಬಲು ಬಿಟ್ಟು ಮುಂದಿನ ಪೆಟ್ಟು ಹಾಕುತ್ತಾರೆ. ಅಂಥ ಬಲವಿದ್ದೂ ಕಾಯುತ್ತಾರಲ್ಲ, ನನಗೆ ಅದೇ ದೊಡ್ಡದು. 1980ರಲ್ಲಿ ಅವರು ತೀರಿಕೊಂಡ ಮೇಲೆ ಲೆಡ್ ಝೆಪ್ಪೆಲಿನ್ ಬದಲಿಗೆ ಯಾರನ್ನೂ ತರಲಿಲ್ಲ, ಬ್ಯಾಂಡನ್ನೇ ನಿಲ್ಲಿಸಿತು.

ಭಾವ: ರಶ್ ಬ್ಯಾಂಡಿನ ಡ್ರಮ್ಮರ್ ನೀಲ್ ಪಿಯರ್ಟ್? ಅವರ ಸೆಟ್ ಒಂದು ಕೋಟೆಯಷ್ಟಿತ್ತು.

ನಾನು: ರಶ್ ಹಾಡುಗಳ ಎಣಿಕೆಯೇ ಜಟಿಲ, ಅವಕ್ಕೆ ಅಷ್ಟು ಬೇಕಿತ್ತು. ಹೆಚ್ಚಿನ ಸಾಹಿತ್ಯ ಬರೆದವರೂ ಅವರೇ. ಅಷ್ಟು ಹೆಸರು ಮಾಡಿದ ಮೇಲೂ 1990ರ ದಶಕದಲ್ಲಿ ಡ್ರಮ್ ಗುರು ಫ್ರೆಡ್ಡಿ ಗ್ರೂಬರ್ ಬಳಿ ಶಿಷ್ಯರಾಗಿ ಕೂತು, ಕೋಲು ಹಿಡಿಯುವ ಬಗೆಯನ್ನೇ ಬದಲಿಸಿಕೊಂಡರು. ಅಲ್ಲಿ ಕಲಿತದ್ದು ಎರಡು ಪೆಟ್ಟುಗಳ ನಡುವೆ ಕೈ ಹೇಗೆ ಚಲಿಸಬೇಕು ಎಂಬುದನ್ನು.

ಅಕ್ಕ: ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್ ಅವರನ್ನು ಯಾರೂ ನೆನೆಯಲಿಲ್ಲ.

ನಾನು: ಅಕ್ಕ, ಅವರ ಬಲಗೈಯನ್ನೇ ನೋಡುತ್ತಿರು. ಎಡಗೈ ಸ್ನೇರ್‌ಗೆ (ಮುಂದಿರುವ ಚಿಕ್ಕ ಡ್ರಮ್ಮಿಗೆ) ಬಡಿಯುವ ಗಳಿಗೆಗೆ ಬಲಗೈ ಹೈ-ಹ್ಯಾಟ್ (ಜೋಡಿ ಸಿಂಬಲ್) ಬಿಟ್ಟು ಮೇಲೇಳುತ್ತದೆ. ತಾಳದ ಒಂದು ಸುತ್ತಿಗೆ ಹೈ-ಹ್ಯಾಟ್ ಮೇಲೆ ಎಂಟು ಪೆಟ್ಟು ಬೀಳಬೇಕಾದಲ್ಲಿ ಆರೇ ಬೀಳುತ್ತವೆ. ಆ ಎರಡು ಜಾಗದಲ್ಲಿ ಸ್ನೇರ್ ಒಂದೇ ಕೇಳುತ್ತದೆ, ಶುದ್ಧವಾಗಿ. 1963ರಿಂದ ಅವರ ಕೊನೆಯವರೆಗೂ ರೋಲಿಂಗ್ ಸ್ಟೋನ್ಸ್ ನಿಂತದ್ದು ಆ ಕೈಗಳ ಮೇಲೆ.

ಭಾವ: ಬರೀ ಲಯ ಹಿಡಿಯುವುದಾದರೆ ಡ್ರಮ್ ಮಷೀನ್ ಸಾಲದೇ?

ನಾನು: ಮಷೀನಿಗೆ ಕಿವಿಯಿಲ್ಲ, ಭಾವ. ವಾಟ್ಸ್ ಕೀತ್ ರಿಚರ್ಡ್ಸ್ ಅವರ ಗಿಟಾರನ್ನು ಹಿಂಬಾಲಿಸಿ ನುಡಿಸುತ್ತಿದ್ದರು. ಗಿಟಾರ್ ಒಂದೆಳೆ ಮುಂದೆ ಹೋದರೆ ಅದನ್ನು ಹಿಡಿದು ಹಾಡಿನೊಳಗೇ ಇರಿಸಿಕೊಳ್ಳುವುದು ಕೇಳುವವನಿಂದ ಮಾತ್ರ ಆಗುವ ಕೆಲಸ.

ಭಾವ: ವೇಗ ಬೇಡವೆಂಬುದನ್ನು ಈಗಲೂ ಒಪ್ಪುವುದಿಲ್ಲ. ಆ ಬಲಗೈ ಕಾಣುವ ವಿಡಿಯೊ ಇದ್ದರೆ ಕಳುಹಿಸು.

ನಾನು: ಈಗಲೇ ಹುಡುಕುತ್ತೇನೆ. ವೇಗ ಬೇಡ ಎಂದು ನಾನೂ ಹೇಳಲಿಲ್ಲ, ಭಾವ.