ಏರಿಳಿಯುವ ಸಂಖ್ಯೆಗೆ ‘ಸ್ಥಿರಾಂಕ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಪೆರೋವ್‌ಸ್ಕೈಟ್ ಆಕ್ಸೈಡ್‌ಗಳನ್ನು (ಒಂದು ನಿರ್ದಿಷ್ಟ ಹರಳು ರಚನೆಯುಳ್ಳ, ಲೋಹ ಮತ್ತು ಆಕ್ಸಿಜನ್ ಸೇರಿದ ವಸ್ತುಗಳು) ತೀರಾ ತಣ್ಣಗೆ ಮಾಡಿದಾಗ ಏನಾಗುತ್ತದೆ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಡೈಎಲೆಕ್ಟ್ರಿಕ್ ಸ್ಥಿರಾಂಕ’ ಎಂಬ ಪದ ಪ್ರತಿ ಸಲವೂ ಕಾಲಿಗೆ ತೊಡರುತ್ತಿದೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲು ಅರ್ಥ. ವಸ್ತುವನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟರೆ ಅದರೊಳಗಿನ ಧನ ಮತ್ತು ಋಣ ವಿದ್ಯುದಂಶಗಳು ಒಂದಿಷ್ಟು ಆಚೀಚೆ ಸರಿಯುತ್ತವೆ. ಇದೇ ಧ್ರುವೀಕರಣ. ಅದು ಜಾಸ್ತಿಯಾದಷ್ಟೂ ಈ ಸಂಖ್ಯೆ ದೊಡ್ಡದು. ನಿರ್ವಾತಕ್ಕೆ 1, ಕೋಣೆಯ ತಾಪಮಾನದ ನೀರಿಗೆ ಸುಮಾರು 80.

ಈಗ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಪೆರೋವ್‌ಸ್ಕೈಟ್ ತೆಗೆದುಕೊಳ್ಳಿ. ಕೋಣೆಯ ತಾಪಮಾನದಲ್ಲಿ ಇದರ ‘ಸ್ಥಿರಾಂಕ’ ಸುಮಾರು 300. ತಣ್ಣಗಾಗುತ್ತಾ ಹೋದಂತೆ ಅದು ಏರುತ್ತಲೇ ಹೋಗಿ, 4 ಕೆಲ್ವಿನ್ (ಸುಮಾರು –269 ಡಿಗ್ರಿ ಸೆಲ್ಸಿಯಸ್) ಹತ್ತಿರ 20,000 ದಾಟುತ್ತದೆ! ಆ ಚಳಿಯಲ್ಲಿ ಹೊರಗಿನಿಂದ ಬಲವಾದ ವಿದ್ಯುತ್ ಕ್ಷೇತ್ರ ಕೊಟ್ಟರೆ ಮತ್ತೆ ಇಳಿಯುತ್ತದೆ. ಇಷ್ಟೆಲ್ಲಾ ಏರಿಳಿಯುವುದು ಸ್ಥಿರ ಹೇಗಾಗುತ್ತದೆ ಅಲ್ವಾ?

ಏರುವುದಕ್ಕೆ ಕಾರಣವಿದೆ. ಹರಳಿನಲ್ಲಿ ಟೈಟಾನಿಯಂ ಮತ್ತು ಆಕ್ಸಿಜನ್ ಅಯಾನುಗಳು ಎದುರುಬದುರಾಗಿ ಕಂಪಿಸುತ್ತಿರುತ್ತವೆ. ತಾಪಮಾನ ಇಳಿದಂತೆ ಈ ಕಂಪನ ನಿಧಾನವಾಗುತ್ತದೆ, ಸರಿದ ಅಯಾನನ್ನು ವಾಪಸ್ ಎಳೆಯುವ ಬಲ ಕುಗ್ಗುತ್ತದೆ. ಏರಿಕೆಯ ಲೆಕ್ಕ ಹಿಡಿದರೆ 35–40 ಕೆಲ್ವಿನ್ ಆಸುಪಾಸಿನಲ್ಲಿ ಅಯಾನುಗಳು ಸರಿದ ಜಾಗದಲ್ಲೇ ನಿಂತುಬಿಡಬೇಕು, ಹರಳು ಫೆರೋಎಲೆಕ್ಟ್ರಿಕ್ (ಹೊರಗಿನ ಕ್ಷೇತ್ರವಿಲ್ಲದೆಯೂ ಧ್ರುವೀಕರಣ ಉಳಿಯುವ ವಸ್ತು) ಆಗಬೇಕು. ಬೇರಿಯಂ ಟೈಟನೇಟ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹಾಗಾಗುತ್ತದೆ. ಸ್ಟ್ರಾನ್ಷಿಯಂ ಟೈಟನೇಟ್ ಮಾತ್ರ ಹಾಗಾಗುವುದಿಲ್ಲ. ಎಷ್ಟೇ ತಣ್ಣಗಾದರೂ ಅಯಾನುಗಳಲ್ಲಿ ಉಳಿಯುವ ಕ್ವಾಂಟಮ್ ಅಲುಗಾಟ ಅವನ್ನು ಒಂದು ಕಡೆ ನೆಲೆಗೊಳ್ಳಲು ಬಿಡುವುದಿಲ್ಲ. 1979ರಲ್ಲಿ ಭೌತವಿಜ್ಞಾನಿಗಳಾದ ಮುಲ್ಲರ್ ಮತ್ತು ಬುರ್ಕಾರ್ಡ್ ಇದನ್ನು ವಿವರಿಸಿ ‘ಕ್ವಾಂಟಮ್ ಪ್ಯಾರಾಎಲೆಕ್ಟ್ರಿಕ್’ ಎಂದು ಕರೆದರು (ಕ್ಷೇತ್ರ ತೆಗೆದರೆ ಧ್ರುವೀಕರಣ ಉಳಿಯದ ವಸ್ತು ಪ್ಯಾರಾಎಲೆಕ್ಟ್ರಿಕ್). ಕೊನೆಯ ಕೆಲವೇ ಕೆಲ್ವಿನ್‌ಗಳಲ್ಲಿ ಏರಿಕೆ ನಿಂತು ನಕ್ಷೆಯ ಗೆರೆ ಸಪಾಟಾಗುತ್ತದೆ. ಅಂದರೆ ‘ಸ್ಥಿರ’ ಎಂಬ ಮಾತು ನಿಜವಾಗಿ ಒಪ್ಪುವುದು ಅಲ್ಲಿ ಮಾತ್ರ!

ನನಗೆ ‘ಡೈಎಲೆಕ್ಟ್ರಿಕ್ ಸೂಚ್ಯಂಕ’ ಸರಿ ಎನಿಸುತ್ತದೆ. ‘ವಕ್ರೀಭವನ ಸೂಚ್ಯಂಕ’ ನಮಗೆ ಶಾಲೆಯಿಂದಲೇ ಗೊತ್ತು. ಅದೂ ಬೆಳಕಿನ ಬಣ್ಣದ ಜೊತೆ ಬದಲಾಗುತ್ತದೆ, ಅದನ್ನು ಯಾರೂ ಸ್ಥಿರಾಂಕ ಎನ್ನುವುದಿಲ್ಲ. ಬೆಳಕಿನ ವೇಗದಂಥವಕ್ಕೆ ‘ಸ್ಥಿರಾಂಕ’ ಇರಲಿ. ಇಂಗ್ಲಿಷಿನವರೂ ಈಗ ‘ರಿಲೇಟಿವ್ ಪರ್ಮಿಟಿವಿಟಿ’ ಎಂಬುದನ್ನೇ ಮೆಚ್ಚುತ್ತಾರೆ. ಆದರೆ ‘ಸಾಪೇಕ್ಷ ಪರ್ಮಿಟಿವಿಟಿ’ ಎಂದು ಬರೆದರೆ ಹೊಸ ಓದುಗರಿಗೆ ಭಾರವಾಗಬಹುದು.

‘ಡೈಎಲೆಕ್ಟ್ರಿಕ್’ ಬದಲು ‘ಅವಾಹಕ’ ಸಾಕಲ್ಲ ಎಂದು ಕೆಲವರು ಕೇಳಬಹುದು. ನಾನು ಒಪ್ಪುವುದಿಲ್ಲ. ಅವಾಹಕ ಎಂದರೆ ವಿದ್ಯುತ್ ಹರಿಯದು ಎಂದಷ್ಟೇ ತಿಳಿಯುತ್ತದೆ. ಒಳಗೆ ಅಯಾನು ಸರಿಯುವ ವಿಷಯ, ಇಲ್ಲಿ ಮುಖ್ಯವಾದದ್ದೇ, ಬಿಟ್ಟುಹೋಗುತ್ತದೆ.

ಪಾಠ ಮಾಡುವವರು, ಪಠ್ಯ ಬರೆಯುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ? ‘ಸೂಚ್ಯಂಕ’ ಎಂದರೆ ಮಕ್ಕಳಿಗೆ ಷೇರುಪೇಟೆ ನೆನಪಾಗಿ ಗೊಂದಲವಾಗುತ್ತದೆಯೇ? ಇದಕ್ಕಿಂತ ಹಗುರವಾದ ಪದವಿದ್ದರೆ ದಯವಿಟ್ಟು ತಿಳಿಸಿ.