ಜಿಗಿಹುಳು: ಈ ‘ಜಿಗಿ’ ನೆಗೆಯುವ ಜಿಗಿಯೋ, ಅಂಟುವ ಜಿಗಿಯೋ?

ನಮ್ಮದು ಬೇಲೂರು ಕಡೆಯ ಊರು. ಮನೆ ಹಿಂದೆ ನಾಲ್ಕು ಮಾವಿನ ಮರ, ಒಂದಿಷ್ಟು ಕಾಫಿ, ಬೇಲಿ ಮೇಲೆ ಅವರೆ. ಅವರೆಯ ಕುಡಿಗೆ ಕಪ್ಪು ಹುಳ ಮುತ್ತಿಕೊಂಡರೆ ಅಮ್ಮ ‘ಜಿಗಿ ಹತ್ತಿದೆ’ ಅನ್ನುತ್ತಾರೆ. ಆ ಹುಳಕ್ಕೆ ಅವರ ಬಾಯಲ್ಲಿ ‘ಜಿಗಿಹುಳ’ ಅಂತಲೇ ಹೆಸರು.

ಕೃಷಿ ಪುಸ್ತಕಗಳಲ್ಲಿ ಅದು ಸಸ್ಯಹೇನು. ಅಲ್ಲಿ ಜಿಗಿಹುಳು ಅಂದರೆ ಬೇರೆಯದೇ ಕೀಟ. ಮಾವಿನ ಹೂಗೊಂಚಲಿನಲ್ಲಿ ಕೂತು ರಸ ಹೀರುತ್ತದೆ, ಕೊಂಬೆ ಮುಟ್ಟಿದರೆ ಚಟಕ್ಕನೆ ಹಾರುತ್ತದೆ.

ಈ ಗೊಂದಲ ನನಗೆ ಹೋದ ವರ್ಷ ತಟ್ಟಿತು. ಅವರೆಗೆ ಹುಳ ಮುತ್ತಿತ್ತು. ಕೀಟನಾಶಕದ ಅಂಗಡಿಯಲ್ಲಿ ಅಮ್ಮನ ಮಾತನ್ನೇ ಹೇಳಿದೆ, ‘ಜಿಗಿಹುಳು ಬಂದಿದೆ’ ಅಂತ. ಅವರು ಮಾವಿಗೆ ಹೊಡೆಯುವ ಔಷಧಿ ಕೊಟ್ಟರು. ಯಾವ ಗಿಡಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಡಬ್ಬಿ ಓದಿದ ಮೇಲೆ ಎದೆ ಧಸಕ್ಕೆಂದಿತು. ನಾಲ್ಕೇ ದಿನದಲ್ಲಿ ಅವರೆಕಾಯಿ ಬಿಡಿಸಿ ಸಾರು ಮಾಡುವವರಿದ್ದೆವು! ಹೇನು ಜಿಗಿಯುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಬಹಳಷ್ಟು ಉದುರಿಹೋಗುತ್ತದೆ. ಉಳಿದಿದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ಸ್ವಲ್ಪ ಸೋಪು. ಎಲೆಯ ಅಡಿಭಾಗ ನೆನೆಯಬೇಕು. ಸುಮ್ನೆ ಮೇಲೆ ಮೇಲೆ ಹೊಡೆದರೆ ಪ್ರಯೋಜನ ಇಲ್ಲ.

ಹಾಗಾದರೆ ಅಮ್ಮ ಹೇಳಿದ್ದು ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಹುಳದ ಮೈ ಬೆಳೆಯಲು ಬೇಕಾದ ಸಾರ ಕಡಿಮೆ. ಹಾಗಾಗಿ ಅದು ಹೀರುತ್ತಲೇ ಇರಬೇಕು, ಮಿಕ್ಕ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತಲೇ ಇರಬೇಕು. ಹೇನು, ಹಿಟ್ಟು ತಿಗಣೆ, ಬಿಳಿನೊಣ, ಕಾಫಿಯ ಹಸಿರು ಶಲ್ಕಕೀಟ ಎಲ್ಲವೂ ಇದನ್ನೇ ಮಾಡುತ್ತವೆ. ಕೆಳಗಿನ ಎಲೆಗಳು ಮುಟ್ಟಿದರೆ ಕೈಗೆ ಹತ್ತುತ್ತವೆ. ಆ ಅಂಟಿಗೆ ಇರುವೆ ಸಾಲುಗಟ್ಟುತ್ತದೆ, ಆಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಹಿಡಿಯುತ್ತದೆ. ಅಮ್ಮ ‘ಜಿಗಿ’ ಅಂದಿದ್ದು ಈ ಅಂಟನ್ನು. ಜಿಗುಟು, ಜಿಗಟು ಅನ್ನುತ್ತೇವಲ್ಲ, ಆ ಜಿಗಿ. ತೆಲುಗಿನಲ್ಲೂ ಅಂಟಿಗೆ ಜಿಗುರು ಅನ್ನುತ್ತಾರೆ. ಪುಸ್ತಕದ ಜಿಗಿಹುಳು ಮಾತ್ರ ಜಿಗಿತದ ಜಿಗಿ ಇರಬೇಕು. ತಮಾಷೆ ಏನೆಂದರೆ ಮಾವಿನ ಜಿಗಿಹುಳುವೂ ಎಲೆಯ ಮೇಲೆ ಅಂಟು ಸುರಿಸುತ್ತದೆ. ಅಂದರೆ ಅದಕ್ಕೆ ಎರಡು ಅರ್ಥವೂ ಹೊಂದುತ್ತದೆ, ಅಲ್ವಾ?

ಇನ್ನೊಂದು ಮಾತು. ಈ ಅಂಟಿಗೆ ಕೃಷಿ ಬರಹಗಳಲ್ಲಿ ‘ಸಿಹಿಯಾದ ಅಂಟು ದ್ರವ’ ಎಂದು ಮೂರು ಪದ ಬರೆಯುತ್ತಾರೆ. ‘ಜಿಗಿ’ ಎಂಬ ಎರಡಕ್ಷರ ಸಾಲದೇ? ಕೀಟಕ್ಕೆ ಹೇನು, ಅದು ಬಿಡುವುದಕ್ಕೆ ಜಿಗಿ ಎಂದು ಬೇರೆ ಮಾಡಿದರೆ ಅಂಗಡಿಯಲ್ಲಿ ನನಗಾದ ಗೊಂದಲವೂ ತಪ್ಪುತ್ತದೆ.

ಈಗ ನಿಮ್ಮನ್ನು ಕೇಳಬೇಕಾದ್ದು ಇಷ್ಟು. ನಿಮ್ಮ ಕಡೆ, ಅದರಲ್ಲೂ ಅರಸೀಕೆರೆ, ಕಡೂರು, ಮೂಡಿಗೆರೆಯವರು, ಎಲೆ ಮೇಲಿನ ಈ ಅಂಟಿಗೆ ಏನನ್ನುತ್ತೀರಿ? ಜಿಗಿಹುಳು ಅಂದರೆ ನಿಮ್ಮ ಮನೆಯ ಹಿರಿಯರು ಹಾರುವುದನ್ನು ತೋರಿಸುತ್ತಾರೋ, ಅಂಟಿಸುವುದನ್ನೋ? ಮೈಗೆ ಅಂಟಿಕೊಳ್ಳುವ ಜಿಗಣೆಯ ಹೆಸರಿನಲ್ಲಿ ಇರುವುದೂ ಇದೇ ಜಿಗಿಯೇ?