ಸಹಾಯ ಬೇಕು: ಮಕ್ಕಳ ಕ್ಲಾಸ್ ಟೈಮಲ್ಲಿ ನಾವು ಅಲ್ಲೇ ಕೂರ್ಬೇಕಾ ಬೇಡ್ವಾ?

ಎಲ್ಲರಿಗೂ ನಮಸ್ಕಾರ, ಅನುಭವ ಇರೋರು ಸ್ವಲ್ಪ ಹೇಳಿ. ಮಗಳಿಗೆ 7, ಮಗನಿಗೆ 5 ವರ್ಷ. ಮಗನ್ನ ಸ್ವಿಮ್ಮಿಂಗಿಗೆ ಹಾಕಿದೀವಿ, ನೀರಿಗೇನೋ ಇಳೀತಾನೆ, ಆದ್ರೆ ಕೋಚ್ ಮುಖ ಮುಳುಗಿಸಿ ಗುಳ್ಳೆ ಬಿಡು ಅಂದ ತಕ್ಷಣ ಪೂಲ್ ಅಂಚು ಗಟ್ಟಿಯಾಗಿ ಹಿಡ್ಕೊಂಡು ನನ್ನ ಕಡೆ ತಿರುಗ್ತಾನೆ, ನಾನು ನಕ್ಕರೂ ಅಳು ನಗದಿದ್ರೂ ಅಳು, ಮೊನ್ನೆ ಫೋನ್ ಬಂತು ಅಂತ ಪಕ್ಕಕ್ಕೆ ಹೋಗಿ ಬರೋಷ್ಟರಲ್ಲಿ ಕಿಕ್‌ಬೋರ್ಡ್ ಹಿಡ್ಕೊಂಡು ಆರಾಮಾಗಿ ಕಾಲು ಬಡೀತಿದ್ದ! ಹಾಗಂತ ಪೂರ್ತಿ ಆಚೆ ಹೋಗೋಕೆ ಧೈರ್ಯ ಇಲ್ಲ, ನೀರಿನ ವಿಷಯ ನೋಡಿ, ಕೋಚ್ ಒಬ್ಬರೇ, ಮಕ್ಕಳು ತುಂಬ.

ಮಗಳದ್ದು ಉಲ್ಟಾ, ನಾನು ಎದ್ರೆ ಅವಳೂ ಎದ್ದು ಬರ್ತಾಳೆ. ಕೀಬೋರ್ಡ್ ಇಷ್ಟಪಟ್ಟೇ ಸೇರಿದ್ದು, ಎರಡೂ ಕೈ ಒಟ್ಟಿಗೆ ನುಡಿಸೋ ಹಂತ ಬಂದ್ಮೇಲೆ ಬೇಜಾರಂತೆ, ಈಗ ಡ್ರಾಯಿಂಗ್ ಬೇಕಂತೆ. ಕಷ್ಟ ಅಂತ ಬಿಡ್ತಿದಾಳೋ ನಿಜವಾಗ್ಲೂ ಇಷ್ಟ ಇಲ್ವೋ ಹೇಗೆ ಕಂಡುಹಿಡಿಯೋದು? ಟರ್ಮ್ ಮುಗಿಯೋವರೆಗೂ ಬಿಡೋ ಹಾಗಿಲ್ಲ ಅನ್ನೋ ರೂಲ್ ಇಷ್ಟು ಚಿಕ್ಕವರಿಗೆ ಸರೀನಾ? ಕೆಲವು ಪೇರೆಂಟ್ಸ್ ಕೂತಲ್ಲಿಂದ್ಲೇ ಕೈ ಬೀಸಿ ಕೋಚಿಂಗ್ ಮಾಡ್ತಿರ್ತಾರೆ, ಅದಂತೂ ನನ್ನ ಕೈಲಾಗಲ್ಲ.

ನಿಮ್ಮನೇಲಿ ಹೇಗೆ ಮಾಡಿದ್ರಿ ಅಂತ ಹೇಳಿ, ಮಗನ ವಿಷಯ ಕೋಚ್ ಹತ್ರ ಹೇಗೆ ಮಾತಾಡ್ಲಿ ಅನ್ನೋದನ್ನೂ ಹೇಳಿದ್ರೆ ಉಪಕಾರ ಆಗುತ್ತೆ.